ಮಾರ್ಚ್ ಆದ ಮೇಲೆ

ತರಬೇತಿಗೆ ಬಂದ ಏಳು ಮಂದಿಯಲ್ಲಿ
ನೀನೊಬ್ಬಳೇ, ಹಾಲಮ್ಮ, ಏನೂ ಬರೆದುಕೊಳ್ಳದವಳು.
ಇರಲಿ, ಚಪ್ಪಲಿ ಮೆಟ್ಟು, ಮಂಡಕ್ಕಿ ಭಟ್ಟಿ ಗಲ್ಲಿಗೆ ಹೋಗಿಬರೋಣ.

ಹೊಟ್ಟಿನ ಹೊಗೆ ಕಣ್ಣಿಗೆ ಹೊಡೆಯುತ್ತೆ,
ಕರವಸ್ತ್ರ ತೆಗೆಯಬೇಡ.
ಕುರ್ಚಿ ತರುತ್ತಾರೆ, ಕೂರಬೇಡ.
ಬಿಸಿ ಮಂಡಕ್ಕಿ ಕೊಟ್ಟರೆ ಮಾತ್ರ
ಬೊಗಸೆಯೊಡ್ಡಿ ಈಸಿಕೋ.

ವರದಿಯಲ್ಲಿ ‘ಫಲಾನುಭವಿ’ ಅಂತ ಬರೆದಿದ್ದೀಯಲ್ಲ,
ಅವಳ ಹೆಸರು ಖೈರೂನ್‌ಬಿ.

ಇಗೋ, ಈ ಬಾಗಿಲು.
ಹತ್ತೊಂಬತ್ತು ಮಕ್ಕಳ ರಾತ್ರಿಶಾಲೆ ಇತ್ತು, ನನ್ನದೇ.
ಮಾರ್ಚ್ ಮೂವತ್ತೊಂದಕ್ಕೆ ಯೋಜನೆ ಮುಗಿಯಿತು.
ಪೈಸೆ ಪೈಸೆ ಲೆಕ್ಕ ಚುಕ್ತಾ,
ಆಡಿಟರೇ ಬೆನ್ನು ತಟ್ಟಿದರು.

ಏಪ್ರಿಲ್ ಒಂದರ ಸಂಜೆ
ಮಕ್ಕಳು ಬಂದು ಬೀಗದೆದುರು ಕೂತರಂತೆ.
ಕತ್ತಲಲ್ಲೇ ಮಗ್ಗಿ ಹೇಳಿಕೊಂಡರಂತೆ, ಹದಿನಾರರವರೆಗೆ.
ಹದಿನೇಳು ಯಾರಿಗೂ ಬರುತ್ತಿರಲಿಲ್ಲ.

ನಾನು ಆವತ್ತು ಎಲ್ಲೋ ವೇದಿಕೆ ಮೇಲೆ
ಶಾಲು ಹೊದ್ದು ನಿಂತಿದ್ದೆ.

ನಾಯಕತ್ವದ ಬಗ್ಗೆ ನನಗೆ ಗೊತ್ತಿರುವುದು ಇಷ್ಟು.
ಉಳಿದದ್ದು ಆಫೀಸಿನ ಸ್ಲೈಡುಗಳಲ್ಲಿದೆ, ಬಿಡುವಾದಾಗ ನೋಡು.

ಬೀಗ ಒಡೆದು, ಹೊಸದು ಹಾಕಿ,
ಹದಿನೇಳರಿಂದ ಮುಂದೆ ಹೇಳಿಕೊಟ್ಟವಳು ಖೈರೂನ್‌ಬಿ.
ಕೀಲಿ ಈಗಲೂ ಅವಳ ಸೆರಗಿನ ಗಂಟಿನಲ್ಲಿದೆ.
ಹೋಗಿ ಕೇಳು.
ಕೊಡದಿದ್ದರೆ
ನಾಳೆ ಮತ್ತೆ ಬಾ.