ಬೆಣ್ಣೆ ಬಿಟ್ಟವನ ಬೆಣ್ಣೆಹಣ್ಣು

"ಬೆಣ್ಣೆ ಬಿಡಿ" ಅಂದರು ಡಾಕ್ಟರ್ ಪೇಂಡ್ಸೆ
ರಿಪೋರ್ಟಿನಿಂದ ಕಣ್ಣೆತ್ತದೆ.
ಮೂವತ್ತೊಂದು ವರ್ಷ ಘಾಟ್ಕೋಪರಿನ ಖಾವ್ ಗಲ್ಲಿಯಲ್ಲಿ
ಕಾವಲಿಯ ಮುಂದೆ ನಿಂತವನಿಗೆ
"ಉಸಿರು ಬಿಡಿ" ಅಂದ ಹಾಗೆ ಕೇಳಿತು.
ಆಮೇಲೆ ಅದನ್ನೂ ಅಂದರು,
ಬೆನ್ನಿಗೆ ಸ್ಟೆತಸ್ಕೋಪು ಇಟ್ಟು.

ಹಳದಿ ಇಟ್ಟಿಗೆಯಂಥ ಬೆಣ್ಣೆ,
ಎಷ್ಟು ಒಡೆದು ಸುರಿದೆನೋ ಲೆಕ್ಕವಿಲ್ಲ.
ಆಫೀಸು ಬಿಟ್ಟು ಬಂದ ಹುಡುಗರು
"ಅಣ್ಣಾ, ಇನ್ನೊಂದಿಷ್ಟು" ಅಂದರೆ
ಇಲ್ಲ ಅಂದ ಕೈಯಲ್ಲ ಇದು.
ಹರಿದ ದೋಸೆ, ಸೀದ ದೋಸೆ,
ಆರ್ಡರು ಕೊಟ್ಟವನು ರೈಲು ಹಿಡಿದು ಹೋದ ದೋಸೆ
ಎಲ್ಲಾ ನನ್ನ ಹೊಟ್ಟೆಗೆ.
ಆ ಬೆಣ್ಣೆ ಈಗ ನರಗಳಲ್ಲಿ ಕೂತಿದೆಯಂತೆ,
ಆರೂವರೆಯ ಕಲ್ಯಾಣ್ ಲೋಕಲಿನ ಬಾಗಿಲಲ್ಲಿ
ಇಳಿಯದೆ, ಒಳಗೂ ಹೋಗದೆ
ದಾರಿಗಡ್ಡ ನಿಂತವರ ಹಾಗೆ.

ಪಕ್ಕದ ಕೋಣೆಯಲ್ಲಿ ಪಥ್ಯ ಹೇಳುವ ಹುಡುಗಿ,
"ಕಾಕಾ, ಆವಕಾಡೊ ತಿನ್ನಿ" ಅಂದಳು.
ಏನಮ್ಮಾ ಅದು? ಮೊಬೈಲಿನಲ್ಲಿ ಚಿತ್ರ ತೋರಿಸಿದಳು.
ಅಯ್ಯೋ, ನಮ್ಮ ಬೆಣ್ಣೆಹಣ್ಣು!
ಆ ಕೋಣೆಯಲ್ಲಿ ಬಿಡು ಅಂದದ್ದನ್ನು
ಈ ಕೋಣೆಯಲ್ಲಿ ತಿನ್ನು ಅಂದರೆ
ಯಾರ ಮಾತು ಕೇಳಲಿ, ಎಂದು ನಕ್ಕೆ.
ಅವಳಿಗೆ ಕನ್ನಡ ಬಾರದು.
ನಗು ಮೇಜಿನ ಮೇಲೇ ಉಳಿಯಿತು.

ಎಲ್ಲ ಕೊಬ್ಬೂ ಒಂದೇ ಅಲ್ಲವಂತೆ.
ಒಂದು ಬಂದು ದಾರಿಗಡ್ಡ ಕೂರುತ್ತದೆ,
ಇನ್ನೊಂದು, ಸ್ವಲ್ಪ ಸರಿಯಿರಿ ಅನ್ನುತ್ತದೆ.
ನಾರಿದೆ, ಹೊಟ್ಟೆ ಸಲೀಸು.
ಬಾಳೆಹಣ್ಣಿನಲ್ಲಿ ಇರುವುದೇ ಅದರಲ್ಲಿ ಇನ್ನೂ ಹೆಚ್ಚಿದೆ,
ಬಿಪಿಗೆ ಒಳ್ಳೆಯದು.
"ಆದರೆ ದಿನಕ್ಕೆ ಅರ್ಧ. ಮಾತ್ರೆ ನಿಲ್ಲಿಸಿದರೆ ನೋಡಿ!"
ಬೆರಳೆತ್ತಿ ಗದರಿದಳು, ಇಪ್ಪತ್ತೈದು ತುಂಬಿರಲಿಕ್ಕಿಲ್ಲ.

ಭಾಂಡುಪ್ ಸ್ಟೇಷನ್ನಿನ ಹೊರಗೆ ರಾಮ್‌ಸಜೀವನನ ಗಾಡಿ.
ಒಂದಕ್ಕೆ ನೂರರವತ್ತು.
ಎರಡು ದೋಸೆಯ ದುಡ್ಡು, ಮನಸ್ಸು ತಾನೇ ಲೆಕ್ಕ ಹಾಕಿತು.
ಹೆಬ್ಬೆರಳಿನಿಂದ ಒತ್ತಿ ನೋಡಹೋದೆ.
"ಒತ್ತಬೇಡಿ ಸೇಠ್,
ಎಲ್ಲರೂ ಒತ್ತಿ ಒತ್ತಿಯೇ ಇದು ಒಳಗೆ ಕಪ್ಪಾಗೋದು.
ತೊಟ್ಟು ತೆಗೆದು ನೋಡಿ.
ಅಡಿಯಲ್ಲಿ ಹಸಿರಿದ್ದರೆ ಇನ್ನೂ ಕಾಲ ಮೀರಿಲ್ಲ."
ಬೆಳಿಗ್ಗೆಯಷ್ಟೇ ಪೇಂಡ್ಸೆ
ನನ್ನ ಕಣಕಾಲನ್ನು ಹಾಗೇ ಒತ್ತಿದ್ದರು.
ಗುಳಿ ತುಂಬಿಕೊಳ್ಳಲು ಹೊತ್ತು ಹಿಡಿಯಿತು.
ನನಗೆ ತೊಟ್ಟು ಎಲ್ಲಿದೆಯೋ.

ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟೆವು.
ಮೊದಲ ದಿನ ಕಲ್ಲು. ಎರಡನೆಯ ದಿನವೂ ಕಲ್ಲು.
ರಾತ್ರಿ ನೀರು ಕುಡಿಯಲೆಂದು ಎದ್ದ ಕಲ್ಯಾಣಿ
ಡಬ್ಬದ ಮುಚ್ಚಳ ತೆಗೆಯುವ ಸದ್ದು,
ಚಾಳಿನಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ,
ಬೆಳಿಗ್ಗೆ ಪಕ್ಕದ ಮನೆಯ ವಹಿನಿ ಕೇಳಿದಳು:
"ಏನು, ಹಣ್ಣಾಯಿತಾ?"

ನಾಲ್ಕನೆಯ ದಿನ ಆಯಿತು.
ಚಾಕು ಹಾಯಿಸಿ ತಿರುವಿದರೆ ಎರಡು ಹೋಳು,
ಒಂದರಲ್ಲಿ ಬೀಜ, ಇನ್ನೊಂದರಲ್ಲಿ ಬೀಜದ ಜಾಗ.
ಬಾಯಿಗಿಟ್ಟೆ. ರುಚಿ? ಇಲ್ಲ.
ಅಥವಾ ಇದೆ, ನನ್ನ ನಾಲಿಗೆಗೆ ಕೇಳಿಸಲಿಲ್ಲ.
ಉಪ್ಪು, ಲಿಂಬೆ, ಹಸಿಮೆಣಸು ಜಜ್ಜಿ ಕಲಸಿದೆ.
ಒಣ ದೋಸೆ ಹೊಯ್ದೆ.
ಕೈ ತಾನಾಗಿ ಎಡಕ್ಕೆ ಹೋಯಿತು ಬೆಣ್ಣೆ ಡಬ್ಬಿಗೆ,
ಅಲ್ಲಿ ಬರೀ ಗೋಡೆ.

ದೋಸೆಗೆ ಸವರಿ ತಿಂದೆ.
ಪರವಾಗಿಲ್ಲ ಅಂದೆ, ಸುಳ್ಳಲ್ಲ.
ಅವಳ ತಟ್ಟೆಗೆ ಉಳಿದರ್ಧ ಸರಿಸಿದೆ.
"ನನಗೇನಾಗಿದೆ?" ಅಂದಳು.
ನನ್ನ ಹರಿದ ದೋಸೆಗಳಲ್ಲಿ ಅರ್ಧ
ಇಷ್ಟು ವರ್ಷ ಪೊಟ್ಟಣ ಕಟ್ಟಿ ತಂದದ್ದು ಯಾರಿಗೆ,
ಅದನ್ನು ಹೇಳಲಿಲ್ಲ. ತಿಂದಳು.

ಆಮೇಲೆ ಹೊಸ್ತಿಲಲ್ಲಿ ಕೂತು
ಸಿಪ್ಪೆಯಲ್ಲಿ ಉಳಿದ ಜಿಡ್ಡನ್ನು
ಒಡೆದ ಹಿಮ್ಮಡಿಗೆ ತಿಕ್ಕಿಕೊಂಡಳು,
ಒಂದು ಕಾಲಿಗೆ, ಇನ್ನೊಂದಕ್ಕೆ.
"ನೂರರವತ್ತು ರೂಪಾಯಿ ಮಾರಾಯ್ರೇ," ಅಂದಳು,
"ಸುಮ್ಮನೆ ಬಿಸಾಡಲಿಕ್ಕಾಗುತ್ತದಾ?"