ಚಿಟಿಕೆ ಹಿಟ್ಟು

ರೆನ್ ಊರಿನ ಆಸ್ಪತ್ರೆ, ನಾಲ್ಕನೇ ಮಹಡಿ.
ಮೊದಲ ಮೂವರಿಗೆ ದಿನಕ್ಕೊಂದು ಗುಳಿಗೆ,
ಆಮೇಲಿನ ಮೂವರಿಗೆ ಎರಡು.
ನಾನು ಏಳನೆಯವ. ನಾಲ್ಕು.

ನುಂಗುವುದಕ್ಕೆ ಮುಂಚೆ ಎರಡು ತಾಸು, ನುಂಗಿದ ಮೇಲೆ ಒಂದು,
ನೀರಿನ ಹೊರತು ಬಾಯಿಗೆ ಏನೂ ಇಲ್ಲ.
ನಾನೋ ಬ್ರೆಡ್ಡು ಸುಡುವವ.
ಬೆಳಗಿನ ಐದಕ್ಕೆ ಅಂಗಡಿ ತುಂಬ ಆ ವಾಸನೆ,
ತುದಿ ಮುರಿದು ಬಾಯಿಗಿಡದೆ ನಲವತ್ತು ವರ್ಷದಲ್ಲಿ
ಒಂದು ಬೆಳಗೂ ಕಳೆದದ್ದಿಲ್ಲ.

ಡಾಕ್ಟರು ಚಿತ್ರ ಬರೆದು ತೋರಿಸಿದರು:
ಜೀವಕೋಶದೊಳಗೊಂದು ಸ್ವಿಚ್ಚು, ಹಾಕಿದ್ದು ಆರದೆ ಸಿಕ್ಕಿಕೊಂಡಿದೆ;
ಈ ಮದ್ದು ಅದೊಂದನ್ನೇ ಹುಡುಕಿಕೊಂಡು ಹೋಗುತ್ತದಂತೆ.
"ನಿಮಗೆ ಉಪಯೋಗವಾಗದೆಯೂ ಇರಬಹುದು,
ಎಷ್ಟು ಕೊಟ್ಟರೆ ಮೈ ತಾಳೀತು, ತಿಳಿಯಲಿಕ್ಕೆ ಇದು"
ಎಂದು ಇಪ್ಪತ್ತೆರಡು ಪುಟ ಮುಂದಿಟ್ಟರು.

ಓದಲಿಲ್ಲ ಅಂತಲ್ಲ. ಎರಡು ಸಲ ಓದಿದೆ.
ನನಗದು ಹೊಸತೂ ಅಲ್ಲ:
ಒಲೆಯ ಕಾವು ನೋಡಲು ಅಪ್ಪ ಒಂದು ಚಿಟಿಕೆ ಹಿಟ್ಟು
ಒಳಗಿನ ಕಲ್ಲಿನ ಮೇಲೆ ಎಸೆಯುತ್ತಿದ್ದ.
ತಟ್ಟನೆ ಕಪ್ಪಾದರೆ, ಇನ್ನೂ ಕಾಯಬೇಕು.
ಮೆಲ್ಲಗೆ ಕೆಂಪಾದರೆ, ತಳ್ಳು ಒಳಗೆ.
ಆ ಚಿಟಿಕೆಯನ್ನು ಯಾರೂ ತಿನ್ನುವುದಿಲ್ಲ.

ಅಂಗೈ ಸುಲಿಯುತ್ತಿದೆ. ನಾದಲು ಹೋದರೆ ಉಪ್ಪಿನ ಉರಿ.
ಮೂಗಿನ ಮೇಲೆ ಹದಿನಾರರ ಹುಡುಗನ ಮೊಡವೆ,
ಮರಿವೋನ್ ನಗುತ್ತಾಳೆ, ನಗುವುದು ಅಭ್ಯಾಸವಾಗಿದೆ.
ಸ್ಕ್ಯಾನು ಮಂಗಳವಾರ.

ನರ್ಸ್ ಒದಿಲ್ ಉಳಿದ ಗುಳಿಗೆ ಎಣಿಸುತ್ತಾಳೆ,
ಪೆನ್ನಿನ ತುದಿಯಿಂದ ಎರಡೆರಡಾಗಿ ಸರಿಸುತ್ತ.
ಆರನೆಯವನ ಬಗ್ಗೆ ಕೇಳಿದೆ—
ನೀಲಿ ಟೋಪಿ, ಸಾರ್ಡೀನ್ ದೋಣಿಯವನು.
ಅವಳ ಎಣಿಕೆ ತಪ್ಪಿತು.
ಮತ್ತೆ ಮೊದಲಿಂದ ಶುರುಮಾಡಿದಳು.