ಕಲೆ

ಸೇದುವಾಗ ಕನ್ನಡಿ.
ಕೊಡದಲ್ಲಿ ಒಂದು ರಾತ್ರಿ ಮಲಗಿ ಎದ್ದರೆ
ತಳದಲ್ಲಿ ಕುಲಶೇಖರದ ಗುಡ್ಡ, ಕೆಂಪಗೆ.

ಟೈ ಕಟ್ಟಿದ ಹುಡುಗ ಬಂದ.
ಲೋಟಕ್ಕೆ ಪೆನ್ನಿನಂಥದ್ದು ಅದ್ದಿ
"ತೊಂಬತ್ತೆರಡು, ಒಳ್ಳೆಯದೇ," ಎಂದ,
"ಆದರೂ ಆರ್‌ಒ ಬೇಕು. ಕಂತಿಗೂ ಉಂಟು."
ಒಂದು ಕೊಡ ಬಾಯಿಗೆ, ಮೂರು ಕೊಡ ತೋಡಿಗೆ:
ಇದನ್ನು ನಾನು ಕೇಳಿದ ಮೇಲೆ ಹೇಳಿದ.

ನನ್ನ ಮೀಟರ್ ಬೇರೆ.
ಹಗ್ಗದ ಮೇಲೆ ತೂಗುವ ಜೆಸಿಂತಳ ನರ್ಸ್ ಕೋಟು,
ಕಾಲರಿನಿಂದ ಕಿಸೆಯವರೆಗೆ
ಚಹಾ ಚೆಲ್ಲಿದ ಬಣ್ಣ.
ನೀಲಿಗೂ ಜಗ್ಗದ್ದು.
ಮೇಟ್ರನ್ ಎರಡು ಸಲ ಕೇಳಿದ್ದಾರಂತೆ.

ಪ್ಲಂಬರ್ ಲೋಕಯ್ಯ ಬಾವಿಗೆ ಬಗ್ಗಿ
"ಇದಕ್ಕೆ ಗಾಳಿ ತಾಗಬೇಕು ಬಾಯಮ್ಮ, ಅಷ್ಟೇ," ಅಂದ.
ಡ್ರಮ್ಮಿನ ಮೇಲೆ ಹಳೆಯ ಶವರ್ ಕಟ್ಟಿದ,
ಕೆಳಗೆ ಹೊಯಿಗೆ, ಇದ್ದಿಲು, ಜಲ್ಲಿ.
ಹೊಯಿಗೆ ತೊಳೆಯುವ ಕೆಲಸ ಮಾತ್ರ
ಪ್ರತಿ ಶನಿವಾರ ನನ್ನದು.
ಕುಡಿಯುವುದಕ್ಕೆ ಕುದಿಸಿ, ಚಿಟಿಕೆ ಜೀರಿಗೆ.

ಹೊಸ ಕಲೆ ಬಿದ್ದಿಲ್ಲ.
ಹಳೆಯದಕ್ಕೆ ಲೋಕಯ್ಯನಲ್ಲೂ ಮದ್ದಿಲ್ಲ.

ಮೊನ್ನೆ ಮತ್ತೆ ಅದೇ ಹುಡುಗ,
ಪಕ್ಕದ ಮನೆಗೆ ಹೋಗಿ ಬರುತ್ತಾ.
ಏಪ್ರಿಲ್ ಬಿಸಿಲು, ಟೈ ಕಿಸೆಯೊಳಗೆ.
"ಆಂಟಿ, ಸ್ವಲ್ಪ ನೀರು..."
ಕೊಟ್ಟೆ.
ಪೆನ್ನು ತೆಗೆಯುತ್ತಾನೋ ಎಂದು ನೋಡಿದೆ.
ಕಣ್ಣು ಮುಚ್ಚಿ ಗಟಗಟ ಕುಡಿದು
ಖಾಲಿ ಲೋಟ ಮುಂದೆ ಚಾಚಿದ,
ಇನ್ನೊಂದಕ್ಕೆ.